ಜೆರ್ಸಿಯ ಮೇಲಿನ ಟೇಪು

ಅಮೆರಿಕದ ಸ್ಯಾನ್ ಡಿಯಾಗೋದ ಮೀರಾ ಮೆಸಾ ಬಡಾವಣೆಯಲ್ಲಿರುವ, ಧಾರವಾಡ ಮೂಲದ ಸುಮಾ ಆಂಟಿ ಮತ್ತು ಅಂಕಲ್ ನನ್ನನ್ನು ಅಲ್ಲಿನ ತಂಡದ ಬೇಸ್‌ಬಾಲ್ ಆಟಕ್ಕೆ ಕರೆದೊಯ್ದರು. ಆಂಟಿಯ ಜೆರ್ಸಿಯ ಬೆನ್ನಲ್ಲಿದ್ದ ತಾರಾ ಆಟಗಾರನ ಹೆಸರನ್ನು ಅಗಲವಾದ ಟೇಪು ಮುಚ್ಚಿತ್ತು. ಯಾಕೆಂದು ಕೇಳಿದೆ.

“ಅವನ ಕಾಂಟ್ರ್ಯಾಕ್ಟ್ ಈ ವರ್ಷ ಮುಗೀತದ. ಇನ್ನ ಹತ್ತು ವರ್ಷದ್ದು ಬೇಕಂತ. ಸೈನ್ ಆಗೋತನಕಾ ನಾ ಅವನ ಹೆಸರು ತೋರ್ಸಂಗಿಲ್ಲ.”

“ಟೀಮಿನವರು ಕೊಡಬೇಕಾ?”

“ಬ್ಯಾಡ. ಅವಗ ಈಗ ಮೂವತ್ಮೂರು. ಮೊಣಕಾಲು ನೋವು ಬ್ಯಾರೆ. ನಲವತ್ತು ದಾಟಿದ ಮ್ಯಾಲೆ ಏನ್ ಓಡ್ತಾನ?”

ಮಾತು ನನಗೂ ಸರಿಯೆನಿಸಿತು. ಅಷ್ಟರಲ್ಲಿ ಅದೇ ಆಟಗಾರ ಬ್ಯಾಟ್ ಹಿಡಿದು ಮೈದಾನಕ್ಕೆ ಬಂದ. ಆಂಟಿ ತಟ್ಟನೆ ಎದ್ದು, ಗಂಡನತ್ತ ಬೆನ್ನು ತಿರುಗಿಸಿ, “ಲಗೂನ ತಗೀರಿ” ಎಂದರು.

ಅಂಕಲ್ ಟೇಪು ಕಿತ್ತರು. ಮತ್ತೆ ಬೇಕಾಗುತ್ತದೆಂದು ಅದನ್ನು ತಮ್ಮ ಮೊಣಕಾಲಿಗೆ ಅಂಟಿಸಿಕೊಂಡರು.