ಸುದರ್ಶನ ಟ್ರ್ಯಾಕ್ಟರ್ ಬಿಚ್ಚಿದ್ದು

ಅಕ್ಕನಿಗೆ ಎದುರುತ್ತರ ಕೊಟ್ಟು ಸುದರ್ಶನನಿಗೆ ಅಭ್ಯಾಸವೇ ಇಲ್ಲ. ಅರವತ್ತು ದಾಟಿದ ಗಂಡಸು, ತಲೆ ಪೂರ್ತಿ ನರೆತಿದೆ, ಸರ್ಕಾರಿ ವರ್ಕ್‌ಶಾಪಿನಲ್ಲಿ ಜನರೇಟರುಗಳ ಹೊಟ್ಟೆ ಬಗೆದು ಬಗೆದೇ ನಿವೃತ್ತನಾದವನು. ಆದರೂ ಲೀಲಾವತಿ ‘ಲೋ’ ಎಂದರೆ ಈಗಲೂ ಎದ್ದು ನಿಲ್ಲುತ್ತಾನೆ. ನಿಲ್ಲದೆ ಏನು ಮಾಡಿಯಾನು? ಹರಿಹರದ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಗ್ರೀಸು ಒರೆಸುತ್ತಿದ್ದವನನ್ನು ದೆಹಲಿಗೆ ಕರೆಸಿಕೊಂಡವಳು ಅವಳು. ಭಾವನವರ ಪುಟ್ಟ ಕ್ವಾರ್ಟರ್ಸಿನಲ್ಲಿ ಇವನಿಗೂ ಒಂದು ಚಾಪೆಯ ಜಾಗ ಮಾಡಿ, ಅನ್ನ ಹಾಕಿ, ಕೆಲಸಕ್ಕೆ ಹಚ್ಚಿ, ಹೆಣ್ಣು ನೋಡಿ ಮದುವೆ ಮಾಡಿಸಿದಳು. ಈಗ ಪೀತಮ್‌ಪುರದ ಒಂದೇ ಸೊಸೈಟಿಯಲ್ಲಿ ಅವಳು ಮೇಲಿನ ಮಹಡಿ, ಇವನು ಕೆಳಗೆ. ಸೊಸೈಟಿಯ ಸೆಕ್ರೆಟರಿಯೂ ಅವಳೇ. ಮೇಲೆ ಅವಳ ಚಪ್ಪಲಿ ಸದ್ದಾದರೆ ಇಲ್ಲಿ ಇವನು ಟಿವಿ ಸದ್ದು ತಗ್ಗಿಸುತ್ತಾನೆ.

ಆ ಮೇ ತಿಂಗಳ ಬೆಳಿಗ್ಗೆ ಚಪ್ಪಲಿ ನೇರವಾಗಿ ಇವನ ಬಾಗಿಲಿಗೇ ಬಂತು.

“ಆ ಹುಲ್ಲು ಕೊಯ್ಯೋ ಟ್ರ್ಯಾಕ್ಟರ್ ಕೆಟ್ಟು ಕೂತಿದೆ ನೋಡು. ಕಿಶನ್ ಎಣ್ಣೆ ಹಾಕದೆ ಓಡಿಸಿ ಹಾಳು ಮಾಡಿದಾನೆ. ನೀನು ಬಿಚ್ಚಿ ನೋಡು, ಭಾನುವಾರ ಕಮಿಟಿ ಮುಂದೆ ಹಾಗಂತ ಹೇಳು. ಬೇರೆ ಮಾಲಿ ಇಡೋಣ.”

“ಮೊದಲು ಬಿಚ್ಚಿ ನೋಡ್ತೀನಿ ಅಕ್ಕಾ.”

“ನೋಡೋದೇನಿದೆ? ಹೊಗೆ ಕಾಣಲಿಲ್ವಾ ನಿನಗೆ?”

ಹೊಗೆ ಇಡೀ ಸೊಸೈಟಿಗೇ ಕಂಡಿತ್ತು, ನೀಲಿ ಹೊಗೆ. ಯಾವುದೋ ಫಾರ್ಮ್‌ಹೌಸಿನವರು ಬೇಡವೆಂದು ಮಾರಿದ ಪುಟ್ಟ ಟ್ರ್ಯಾಕ್ಟರ್ ಅದು. ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್ನು, ನೀರಿಲ್ಲ, ಫ್ಯಾನಿನ ಗಾಳಿಯಿಂದಲೇ ತಣ್ಣಗಾಗಬೇಕು. ಪಾರ್ಕಿನ ಅರ್ಧ ಹುಲ್ಲು ಕೊಯ್ಯುವಷ್ಟರಲ್ಲಿ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಮಾಲಿ ಕಿಶನ್ ಉತ್ತರ ಪ್ರದೇಶದ ಬದಾಯೂಂ ಕಡೆಯವನು. ಹೆಂಡತಿ ಮಕ್ಕಳ ಜೊತೆ ಪಂಪ್‌ಹೌಸ್ ಪಕ್ಕದ ಕೋಣೆಯಲ್ಲಿದ್ದ. ಕೋಣೆ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಹೋದರೆ ಸೂರೂ ಹೋಯಿತು.

ಸುದರ್ಶನ ಶೆಡ್ಡಿನಲ್ಲಿ ಗೋಣಿಚೀಲ ಹಾಸಿ ಕೂತ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಪ್ಪಗೆ ಒದ್ದೆಯಾಗಿತ್ತು. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಕಿಶನ್‌ಗೆ ಎಂಜಿನ್ ಚಾಲೂ ಮಾಡುವ ಹಗ್ಗ ಎಳೆಯಲು ಹೇಳಿದ. ಬೆರಳಿಗೆ ಗಾಳಿ ತಾಗಿತೋ ಇಲ್ಲವೋ ಎನ್ನುವಂತಿತ್ತು. ತೂತಿನೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಎಳೆಸಿದ. ಈ ಸಲ ಹೆಬ್ಬೆರಳನ್ನು ಗಾಳಿ ಪಟ್ಟನೆ ಎಸೆಯಿತು. ಎಣ್ಣೆ ಸಂದು ಮುಚ್ಚಿದಾಗ ಮಾತ್ರ ಒತ್ತಡ ಹುಟ್ಟುತ್ತದೆ ಎಂದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆ ಎಂದೇ ಅರ್ಥ.

“ಬಾಬೂಜಿ, ತೇಲ್ ತೋ ಮೈ ರೋಜ್ ದೇಖ್ತಾ ಥಾ,” ಎಂದ ಕಿಶನ್. ದಿನಾ ಎಣ್ಣೆ ನೋಡುತ್ತಿದ್ದೆ ಎನ್ನುತ್ತ ಎಣ್ಣೆ ಡಬ್ಬಿ ಎತ್ತಿ ತೋರಿಸಿದ.

ಎಲ್ಲರೂ ಹಾಗೇ ಹೇಳುತ್ತಾರೆ ಎಂದುಕೊಂಡ ಸುದರ್ಶನ. ವರ್ಕ್‌ಶಾಪಿನಲ್ಲಿ ಎಷ್ಟು ಡ್ರೈವರುಗಳ ಆಣೆ ಪ್ರಮಾಣ ಕೇಳಿಲ್ಲ ಅವನು! ಅಕ್ಕ ಹೇಳಿದ್ದೇ ನಿಜವಿರಬೇಕು, ಹಾಗಿದ್ದರೆ ಒಳ್ಳೆಯದೇ ಆಯಿತು ಎಂದೂ ಅನ್ನಿಸಿತು. ಅಂಥ ಯೋಚನೆ ಬಂದದ್ದಕ್ಕೆ ನಾಚಿಕೆಯೂ ಆಯಿತು.

ಎಂಜಿನ್ ಇಳಿಸಿ ಬಿಚ್ಚಿದ. ಎಣ್ಣೆಯಿಲ್ಲದೆ ಓಡಿದ ಎಂಜಿನ್ನಿನಲ್ಲಿ ಮೊದಲು ಸಾಯುವುದು ಕನೆಕ್ಟಿಂಗ್ ರಾಡು ಕ್ರ್ಯಾಂಕನ್ನು ಹಿಡಿಯುವ ಜಾಗ. ಅದನ್ನು ಚಿಂದಿಯಿಂದ ಒರೆಸಿ ಉಗುರು ಆಡಿಸಿದ. ಒಂದು ಗೀರೂ ಇಲ್ಲ, ಫಳಫಳ ಹೊಳೆಯುತ್ತಿತ್ತು. ಕಿಶನ್ ಸುಳ್ಳು ಹೇಳಿರಲಿಲ್ಲ. ಸಿಲಿಂಡರಿನ ಒಳಗೋಡೆಯಲ್ಲಿ ಮಾತ್ರ ಗೀರುಗಳಿದ್ದವು, ಅದೂ ಒಂದೇ ಮಗ್ಗುಲಲ್ಲಿ. ಆ ಮಗ್ಗುಲು ಅತಿಯಾಗಿ ಕಾದಿದೆ. ಯಾಕೆ?

ಫ್ಯಾನಿನ ಗಾಳಿಯನ್ನು ಸಿಲಿಂಡರಿನ ಮೇಲೆ ಹಾಯಿಸುವ ತಗಡಿನ ಮುಚ್ಚಳವನ್ನು ಆಗಲೇ ಬಿಚ್ಚಿ ಬದಿಗಿಟ್ಟಿದ್ದ. ಈಗ ಸಿಲಿಂಡರನ್ನು ತಿರುಗಿಸಿ, ಆ ಮಗ್ಗುಲಲ್ಲಿ ಬಿಸಿ ಹೊರಹಾಕಲೆಂದು ಸಾಲಾಗಿ ಎದ್ದಿರುವ ತೆಳು ರೆಕ್ಕೆಗಳನ್ನು ನೋಡಿದ. ಸಂದುಗಳಲ್ಲಿ ಕಂದು ಬಣ್ಣದ ಏನೋ ಗಟ್ಟಿಯಾಗಿ ತುಂಬಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಕೆದಕಿ ಮೂಗಿನ ಹತ್ತಿರ ಹಿಡಿದ. ಒಣಗಿದ ಚೆಂಡುಹೂವಿನ ವಾಸನೆ.

ಕಿಶನ್ ವಿಶ್ವಕರ್ಮ ಪೂಜೆಗೆ ಅಂಗಡಿಯಿಂದ ತಂದು ಟ್ರ್ಯಾಕ್ಟರಿಗೆ ಹಾರ ಹಾಕುತ್ತಿದ್ದುದು ಸುದರ್ಶನನಿಗೆ ಗೊತ್ತಿತ್ತು. ಸಿಕ್ಕಿಬಿದ್ದೆಯಲ್ಲೋ ಎಂದುಕೊಳ್ಳುತ್ತ ಇನ್ನಷ್ಟು ಕೆದಕಿದ. ಗೇಣುದ್ದದ ದಾರ ಹೊರಬಂತು. ಅದರ ಉದ್ದಕ್ಕೂ ಗಂಟುಗಳಿದ್ದವು, ಒತ್ತೊತ್ತಾಗಿ, ಒಂದೇ ಅಳತೆಯಲ್ಲಿ.

ಸುದರ್ಶನನ ಕೈ ಅಲ್ಲೇ ನಿಂತಿತು. ದೆಹಲಿಯ ಅಂಗಡಿಯ ಹಾರಕ್ಕೆ ಗಂಟೇ ಇರುವುದಿಲ್ಲ. ಹೂವಿಗೆ ಸೂಜಿ ಚುಚ್ಚಿ ದಾರದಲ್ಲಿ ಪೋಣಿಸುತ್ತಾರೆ. ಈ ಸೊಸೈಟಿಯಲ್ಲಿ ಬಿಡಿಹೂ ತಂದು, ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು, ಎರಡೆರಡು ಸುತ್ತು ಬಿಗಿದು ಹೂ ಕಟ್ಟುವವಳು ಒಬ್ಬಳೇ, ಅಕ್ಕ. ಚುಚ್ಚಿಸಿಕೊಂಡ ಹೂ ದೇವರಿಗೆ ಬೇಡ ಎನ್ನುವವಳು. ಆಯುಧಪೂಜೆಗೆ ಪ್ರತಿ ವರ್ಷ ಅವಳೇ ಹಾರವನ್ನು ಎಂಜಿನ್ನಿಗೆ ಸುತ್ತುತ್ತಿದ್ದಳು. ಫ್ಯಾನಿನ ಜಾಲರಿ ಯಾವ ಕಾಲದಲ್ಲೋ ಮುರಿದಿತ್ತು. ಚಕ್ರದಡಿ ನಿಂಬೆಹಣ್ಣು ಇಟ್ಟು ಗಾಡಿ ಚಾಲೂ ಮಾಡಿದಾಗ ಹಾರ ಫ್ಯಾನಿಗೆ ಸಿಕ್ಕಿ ಚಿಂದಿಯಾಗಿ ಎಸಳುಗಳು ಹಾರಿದ್ದವು. ಹೂಮಳೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಇವನೂ ತಟ್ಟಿದ್ದ, ಜನ್ಮವಿಡೀ ಎಂಜಿನ್ ಬಿಚ್ಚಿದ ಮಹಾನುಭಾವ!

ದಾರವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಯಾರಿಗೂ ಹೇಳಲಿಲ್ಲ.

ಆಮೇಲಿನ ದಿನಗಳು ಬಲು ಕೆಟ್ಟವು. ಸಿಲಿಂಡರನ್ನು ಚೀಲದಲ್ಲಿ ಹೊತ್ತು ಕಶ್ಮೀರಿ ಗೇಟಿಗೆ ಹೋಗಿ ಗೀರು ಹೋಗುವಂತೆ ಒಳಗೋಡೆ ಕೊರೆಸಿ ಬೋರ್ ಮಾಡಿಸಿದ, ಅದಕ್ಕೊಪ್ಪುವ ದಪ್ಪನೆಯ ಪಿಸ್ಟನ್ನು, ರಿಂಗುಗಳನ್ನು ಹುಡುಕಿ ತಂದ. ರಿಂಗುಗಳ ಬಾಯಿ ಒಂದರ ಕೆಳಗೊಂದು ಬಾರದಂತೆ ತಿರುಗಿಸಿ ಕೂರಿಸಿದ. ರೆಕ್ಕೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದ, ಫ್ಯಾನಿಗೆ ಹೊಸ ಜಾಲರಿ ಬಿಗಿದ. ಕೈ ಇಷ್ಟೆಲ್ಲ ಮಾಡುತ್ತಿದ್ದರೆ ಎದೆ ಮಾತ್ರ ಜೇಬಿನಲ್ಲೇ ಇತ್ತು. ಕಿಶನ್ ದಿನಾ ಬಂದು ಎದುರಿಗೆ ಕೂರುತ್ತಿದ್ದ. “ಮೇರಾ ಕ್ಯಾ ಹೋಗಾ, ಬಾಬೂಜಿ?” ತನ್ನ ಗತಿಯೇನು ಎಂದು ಅವನು ಕೇಳಿದರೆ ಸುದರ್ಶನ ಬೋಲ್ಟು ಹುಡುಕುವವನಂತೆ ತಲೆ ತಗ್ಗಿಸುತ್ತಿದ್ದ. ಕಿಶನ್‌ನ ಹೆಂಡತಿ ಆಗಲೇ ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದ್ದಳು. ಸಂಜೆ ಮೇಲಿನಿಂದ ಅಕ್ಕ ಕಳಿಸಿದ ಸಾರನ್ನು ಇವನು ಮುಟ್ಟದೆ ಮುಚ್ಚಿಡುತ್ತಿದ್ದ. ‘ಎಣ್ಣೆ ಇರಲಿಲ್ಲ’ ಎಂದುಬಿಟ್ಟರೆ ಕೇಳುವವರು ಯಾರಿದ್ದಾರೆ?

ಭಾನುವಾರ ಕಮಿಟಿಯವರು ಆಫೀಸಿನಲ್ಲಿ ಸೇರುತ್ತಿದ್ದರು. ಶೆಡ್ಡಿನ ಮುಂದೆ ಟ್ರ್ಯಾಕ್ಟರು ತಯಾರಾಗಿ ನಿಂತಿತ್ತು, ಪಕ್ಕದಲ್ಲಿ ಕಿಶನ್. ಲೀಲಾವತಿ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಕುಂಕುಮ, ನಿಂಬೆಹಣ್ಣು, ಆಗಷ್ಟೇ ಕಟ್ಟಿದ ಚೆಂಡುಹೂವಿನ ಹಾರ.

“ಹೊಸ ಜೀವ ಬಂದಿದೆ, ಪೂಜೆ ಮಾಡದೆ ಚಾಲೂ ಮಾಡಬೇಡ,” ಎಂದು ಹಾರ ಎತ್ತಿ ಎಂಜಿನ್ನಿನತ್ತ ಬಾಗಿದಳು.

“ಹಾಕಬೇಡ ಅಕ್ಕಾ.”

ಅವಳು ತಿರುಗಿ ನೋಡಿದಳು. ಸುದರ್ಶನ ಅವಳ ಕೈಗೆ ಅಡ್ಡ ಬಂದ. ಜೇಬಿನಿಂದ ದಾರ ತೆಗೆದು ತಟ್ಟೆಯಲ್ಲಿಟ್ಟ.

“ಎಂಜಿನ್ ಕೆಡಿಸಿದ್ದು ಇದು. ಹೂ ಒಳಗೆ ಹೋಗಿ ಗಾಳಿ ಕಟ್ಟಿತ್ತು. ಎಣ್ಣೆ ಯಾವತ್ತೂ ಕಡಿಮೆಯಾಗಿಲ್ಲ.”

“ಹಾಗಾದರೆ ಕಿಶನ್ ಹಾಕಿದ ಹಾರ ಇರಬೇಕು. ಅವನೂ ವಿಶ್ವಕರ್ಮ ಪೂಜೆ ಮಾಡ್ತಾನಲ್ಲ.”

“ಅಂಗಡಿ ಹಾರಕ್ಕೆ ಗಂಟು ಇರುತ್ತಾ ಅಕ್ಕಾ?”

ಲೀಲಾವತಿ ದಾರ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಅವಳ ಬೆರಳು ಒಂದು ಗಂಟಿನಿಂದ ಇನ್ನೊಂದಕ್ಕೆ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಮುಖ ಕೆಂಪಾಯಿತು. ಈಗ ಬೈಯುತ್ತಾಳೆ, ಅನ್ನ ಹಾಕಿದ್ದನ್ನು ಎತ್ತಿ ಆಡುತ್ತಾಳೆ ಎಂದು ಸುದರ್ಶನ ಕಾದ. ಕನ್ನಡ ತಿಳಿಯದ ಕಿಶನ್ ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡುತ್ತಿದ್ದ.

“ಇಷ್ಟು ದಿನ ಇಟ್ಕೊಂಡಿದ್ದೆಯಾ ಇದನ್ನ?”

“ಹೇಳಕ್ಕೆ ಹೆದರಿಕೆ ಆಯ್ತು.”

“ನನಗೆ ಹೆದರಿ ಅವನ ಮನೆ ಮುರೀತಿದ್ದೆಯಲ್ಲೋ,” ಎಂದಳು. ಗದರಿಕೆಯೇ, ಆದರೆ ಧ್ವನಿ ಮಧ್ಯದಲ್ಲಿ ಒಡೆಯಿತು.

ಆಮೇಲೆ ಹಾರವನ್ನು ಕಿಶನ್ ಕೈಗೆ ಕೊಟ್ಟು, “ಕಹಾಂ ಲಗಾನಾ ಹೈ, ತುಮ್ ಬತಾವೋ,” ಎಂದಳು. ಎಲ್ಲಿ ಹಾಕಬೇಕೆಂದು ಮೇಡಮ್‌ಜೀ ತನ್ನನ್ನೇ ಕೇಳುತ್ತಿದ್ದಾರೆ ಎಂದು ಕಿಶನ್‌ಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಟ್ರ್ಯಾಕ್ಟರಿನ ಸುತ್ತ ನೋಡಿ, ಕೊನೆಗೆ ಶೆಡ್ಡಿನ ಬಾಗಿಲ ಮೊಳೆಗೆ ಹಾರ ತೂಗುಹಾಕಿದ.

“ಚಲೋ, ಚಾಲೂ ಕರೋ,” ಎಂದಳು ಲೀಲಾವತಿ. ಎಂಜಿನ್ ಒಂದೇ ಎಳೆತಕ್ಕೆ ಹಿಡಿಯಿತು. ಹೊಗೆಯಿರಲಿಲ್ಲ. ಅವಳು ಆ ಹಳೇ ದಾರವನ್ನು ಬೆರಳಿಗೆ ಸುತ್ತಿಕೊಂಡು ಆಫೀಸಿನ ಕಡೆ ಹೊರಟಳು. ಸುದರ್ಶನ ಹಿಂದೆ ಹೊರಟರೆ ಕೈಯಾಡಿಸಿ ತಡೆದಳು.

“ನೀನು ಇಲ್ಲೇ ಇರು. ಅಲ್ಲಿ ನಾನೇ ಹೇಳ್ತೀನಿ.”