ಬಗ್ಗಬಾರದ ಮನೆ

ನಮ್ಮ ಶಹಾಪುರದ ಓಣಿಯಲ್ಲಿ ನಾಯಿ ಓಡಿಸಲು ಕಲ್ಲು ಬೇಕಿಲ್ಲ. ಬಗ್ಗಿ ನೆಲಕ್ಕೆ ಕೈ ಹಚ್ಚಿದರೆ ಸಾಕು, ಕಲ್ಲು ಬಂತೆಂದು ನಾಯಿ ಕಾಲಿಗೆ ಬುದ್ಧಿ ಹೇಳುತ್ತದೆ. ನಾನು ಸಾಕಿದ ಕಂದು ನಾಯಿ ಮಾತ್ರ ಓಡುತ್ತಿರಲಿಲ್ಲ. ಮರಿಯಿದ್ದಾಗ ಯಾರೋ ಮೂಲೆಗೆ ಒತ್ತಿ ಹೊಡೆದು ಹಿಂಗಾಲು ಮುರಿದಿದ್ದರು. ಓಡಿ ಉಪಯೋಗವಿಲ್ಲ ಎಂದು ಅದಕ್ಕೆ ಆಗಲೇ ತಿಳಿದಿರಬೇಕು. ಯಾರು ಬಗ್ಗಿದರೂ ಗಡಗಡ ನಡುಗುತ್ತಲೇ ಮೈಮೇಲೆ ಹೋಗುತ್ತಿತ್ತು.

ಹೀಗಾಗಿ ಮೂರು ವರ್ಷ ನಮ್ಮ ಮನೆಯಲ್ಲಿ ಯಾರೂ ಬಗ್ಗಲಿಲ್ಲ. ಚಮಚ ಬಿದ್ದರೆ ಮೊದಲು ನೆಲಕ್ಕೆ ಕೂತು, ಆಮೇಲೆ ಎತ್ತುತ್ತಿದ್ದೆವು. ರಂಗೋಲಿಯನ್ನೂ ಮಣೆ ಹಾಕಿಕೊಂಡು ಕೂತೇ ಬಿಡಿಸುತ್ತಿದ್ದೆ. ಓಣಿಯವರು ನಕ್ಕರು, ನಗಲಿ. ‘ಹುಚ್ಚನಾಯಿ’ ಎಂದವರ ಜೊತೆ ಮಾತ್ರ ಸೊಂಟ ಕಟ್ಟಿ ಜಗಳಕ್ಕೆ ನಿಲ್ಲುತ್ತಿದ್ದೆ. “ಹುಚ್ಚಲ್ರೀ, ಅಂಜಿಕಿ! ವರ್ಷಕ್ಕೊಮ್ಮಿ ಹುಚ್ಚಿನ ಸೂಜಿ ಹಾಕಸ್ತೀನಿ.”

ಸುರಪುರದಿಂದ ಗಂಡನ ಅಕ್ಕ, ಹೊಸದಾಗಿ ಮದುವೆಯಾದ ಮಗ ಸೊಸೆಯನ್ನು ಕರೆದುಕೊಂಡು ಬರುತ್ತೇವೆಂದು ಫೋನ್ ಮಾಡಿದರು. ನಾಯಿಯ ಮುಂದೆ ಬಗ್ಗಬೇಡಿ, ಕೈ ಮುಗಿದರೆ ಸಾಕು ಎಂದೆ.

“ನಿಮ್ಮ ನಾಯಿಗಿ ಅಂಜಿ ಹಿರ್ಯಾರ ಕಾಲಿಗಿ ಬೀಳೂದೂ ಬಿಡಬೇಕೇನು?” ಎಂದು ಫೋನ್ ಇಟ್ಟರು.

ಹಿತ್ತಲ ಖೋಲಿಯಲ್ಲಿ ಕೂಡಿಹಾಕಬಹುದಿತ್ತು. ಆದರೆ ಒಂದನ್ನೇ ಬಿಟ್ಟರೆ ಅದು ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುತ್ತಿತ್ತು. ನನ್ನ ಪಕ್ಕದಲ್ಲೇ ಇರಲಿ, ಸೊಸೆ ಹುಡುಗಿ ಬಗ್ಗುವ ಮೊದಲೇ ತಡೆದರಾಯಿತು ಎಂದುಕೊಂಡೆ.

ಅವರು ಬಂದ ದಿನ ಹುಡುಗಿ ಸೆರಗು ಸರಿಮಾಡಿಕೊಂಡು ನನ್ನೆದುರು ನಿಂತಳು. ಬೇಡವ್ವ ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ಬರಲಿಲ್ಲ ಎನ್ನುವುದು ಸುಳ್ಳು, ನಾನು ಆಡಲಿಲ್ಲ. ಮಕ್ಕಳಿಲ್ಲದ ನನ್ನ ಕಾಲಿಗೆ ಬೀಳಲು ಯಾವ ಸೊಸೆ ಬರಬೇಕಿತ್ತು? ಆಸೆಯಾಯಿತು. ಎರಡೂ ಪಾದ ಜೋಡಿಸಿ ಮುಂದಿಟ್ಟೆ. ಅವಳು ಬಗ್ಗಿದಳು. ನಾಯಿ ಅವಳ ಮುಂಗೈಗೆ ಬಾಯಿ ಹಾಕಿತು.

ಹಸಿರು ಬಳೆ ಒಡೆದು ನೆಲದ ತುಂಬ ಚೂರು, ರಕ್ತ. “ಗೊತ್ತಿದ್ದೂ ಬಿಟ್ಟಿದ್ದೇನ?” ಎಂದು ಗಂಡನ ಅಕ್ಕ ನನ್ನ ಮೇಲೆ ಹರಿಹಾಯ್ದರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

“ಇಲ್ರೀ, ಅದಕ್ಕ ಹುಚ್ಚು ಹಿಡದದ” ಎಂದುಬಿಟ್ಟೆ.

ಮನೆಯ ಯಜಮಾನಿಯೇ ಹುಚ್ಚು ಎಂದ ಮೇಲೆ ಮತ್ತೇನು ಕೇಳುವುದಿದೆ? ಹುಡುಗಿಯನ್ನು ದವಾಖಾನೆಗೆ ಒಯ್ದರು. ಸಂಜೆಯೊಳಗೆ ನನ್ನ ಗಂಡ ಇಬ್ಬರು ಆಳುಗಳನ್ನು ಕರೆತಂದ. ಊರ ಹೊರಗೆ ಒಯ್ದು ಮುಗಿಸುವುದೆಂದು ಮಾತಾಗಿತ್ತು. ಆ ಮಾತು ನನಗೂ ಕೇಳಿಸಿತ್ತು. ಹಗ್ಗ ಹಾಕಲು ಬಗ್ಗಿದ ಅವರನ್ನು ನಾಯಿ ಹತ್ತಿರ ಬಿಡಲಿಲ್ಲ.

“ಅಕ್ಕಾರ, ನಿಮ್ಮ ಮಾತು ಕೇಳ್ತದ. ನೀವ ಹಾಕ್ರಿ” ಎಂದ ಒಬ್ಬ.

ಹುಚ್ಚು ಹಿಡಿದ ನಾಯಿ ಮಾತು ಕೇಳುತ್ತದೆಯೇ ಎಂದು ಅವನಿಗೆ ಹೊಳೆಯಲಿಲ್ಲ, ನಾನೂ ಹೇಳಲಿಲ್ಲ. ನೆಲದ ಮೇಲೆ ಕೂತು ಕರೆದೆ. ಕುಂಟುತ್ತ ಬಂದು ನನ್ನ ತೊಡೆಯ ಮೇಲೆ ತಲೆ ಇಟ್ಟಿತು. ಹಗ್ಗ ಬಿಗಿದವಳು ನಾನು.