ಒರೆಗಲ್ಲಿನ ಮೇಲೆ ವರಾಹದ ಗೆರೆ

ಮುಳಬಾಗಿಲಿನ ಅಕ್ಕಸಾಲಿ ಪೆದ್ದಪ್ಪಾಚಾರಿ ತೀರಿಕೊಂಡು ಇಪ್ಪತ್ತು ದಿನವಾಯಿತು. ಅವನ ಹೆಂಡತಿ ಕೊಟ್ಟ ಒರೆಗಲ್ಲು ನನ್ನ ಮೇಜಿನ ಮೇಲಿದೆ. ಅದರ ಒಂದು ಮಗ್ಗುಲಲ್ಲಿ ಬೆರಳುದ್ದದ ಚಿನ್ನದ ಗೆರೆ. ಒರೆಗೆ ಹತ್ತಿದ ಚಿನ್ನವನ್ನು ಮೇಣ ಒತ್ತಿ ತೆಗೆಯುವುದು ಅವರ ಕಸುಬಿನ ರೂಢಿ. ಈ ಗೆರೆಯನ್ನು ಮಾತ್ರ ಅವನು ಏಳು ವರ್ಷ ತೆಗೆಯಲಿಲ್ಲ.

೧೯೭೮ರಲ್ಲಿ ಗೌನಿಪಲ್ಲಿಯ ವೆಂಕಟರತ್ನಮ್ಮ, ತಮ್ಮ ತಾಯಿ ಬಿಟ್ಟುಹೋದ ಹಳೆಯ ಚಿನ್ನದ ನಾಣ್ಯ ವರಾಹವೊಂದನ್ನು ಸರಕ್ಕೆ ಪೋಣಿಸಲು ಕೊಂಡಿ ಹಾಕಿಸಲೆಂದು ತಂದರು. ಚಿನ್ನ ಕೈಗೆ ಬಂದರೆ ಮೊದಲು ಕಲ್ಲಿಗೆ ಉಜ್ಜುವುದು ಪೆದ್ದಪ್ಪನ ಅಭ್ಯಾಸ. ಉಜ್ಜಿದ. ಸಂಜೆ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ಹೋದ ನನಗೆ ತೋರಿಸಿದ. ಒಂದು ಕಡೆ ಶಿವಪಾರ್ವತಿ. ಇನ್ನೊಂದು ಕಡೆ ಪಾರಸಿ ಲಿಪಿಯ ‘ಹೇ’ ಅಕ್ಷರ, ಅರ್ಧ ಮಾತ್ರ. ಉರ್ದು ಬಲ್ಲ ಜಂಬದಲ್ಲಿ ನಾನು, ಇದು ಹೈದರಾಲಿಯ ಹೆಸರಿನ ಮೊದಲಕ್ಷರ, ಉಳಿದರ್ಧ ನೀನೇ ತಿಂದೆಯಾ ಎಂದು ನಕ್ಕೆ.

ಅವನು ನಗಲಿಲ್ಲ. ಉಜ್ಜುವ ಮೊದಲು ನಾಣ್ಯದ ಆ ಮುಖವನ್ನು ಅವನು ನೋಡಿರಲೇ ಇಲ್ಲ; ಉಳಿದರ್ಧ ತನ್ನ ಕಲ್ಲಿಗೇ ಹೋಯಿತೋ ಎಂಬ ಹುಳು ಅಂದೇ ಹೊಕ್ಕಿತು.

ಟಂಕಸಾಲೆಯಲ್ಲಿ ಸುತ್ತಿಗೆಯಿಂದ ಹೊಡೆದ ನಾಣ್ಯ, ಅಚ್ಚು ಓರೆಯಾಗಿ ಬಿದ್ದಿರಬಹುದು ಎಂದು ಎಷ್ಟೋ ಸಲ ಹೇಳಿದೆ. ಅಂಚು ಉಜ್ಜಿದೆನೋ ಮುಖ ಉಜ್ಜಿದೆನೋ ನೆನಪಿಲ್ಲ ಎನ್ನುತ್ತಿದ್ದ. ಬೆಳಗಿನಿಂದ ಸಂಜೆವರೆಗೆ ಕುಲುಮೆಯ ಮುಂದೆ ಅಲುಗಾಡದೆ ಕೂರುತ್ತಿದ್ದವನು ಗಳಿಗೆಗೊಮ್ಮೆ ಎದ್ದು ಬೀದಿಗೆ ಬರತೊಡಗಿದ. ಕೋಲಾರ, ಮಾಲೂರಿನ ಅಂಗಡಿಗಳಲ್ಲಿ ಹಳೆಯ ವರಾಹ ತೋರಿಸಿ ಎಂದು ಬೇಡುತ್ತಿದ್ದ. ಅರ್ಧ ಅಕ್ಷರದ್ದು ಸಿಕ್ಕಿದ ದಿನ ಊಟ ಮಾಡುತ್ತಿದ್ದ. ಪೂರ್ತಿ ಅಕ್ಷರದ್ದು ಕಂಡರೆ ವಾರಗಟ್ಟಲೆ ಮಂಕು. ಗೌನಿಪಲ್ಲಿಗೆಂದು ಬಸ್ಸು ಹತ್ತಿ, ಶ್ರೀನಿವಾಸಪುರದಲ್ಲೇ ಇಳಿದು ವಾಪಸು ಬಂದದ್ದು ಮೂರು ಸಲ.

ಈ ವರ್ಷ ಮಾವಿನ ಕಾಲದಲ್ಲಿ ನಾನೇ ಜೊತೆಗೆ ಹೋದೆ. ವೆಂಕಟರತ್ನಮ್ಮ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. ವರಾಹ ಕೊರಳಲ್ಲಿತ್ತು, ಶಿವಪಾರ್ವತಿ ಹೊರಮುಖವಾಗಿ. ಪೆದ್ದಪ್ಪ ನಿಂತೇ ಎಲ್ಲವನ್ನೂ ಹೇಳಿದ. ಅವರು ಕೈಯಲ್ಲಿದ್ದ ಮಾವಿನಕಾಯಿಯನ್ನೂ ಕೆಳಗಿಡಲಿಲ್ಲ.

“ನಮ್ಮಮ್ಮನ ಕಾಲದಿಂದ್ಲೂ ಅದು ಹಂಗೇ ಐತೆ ಆಚಾರಿ. ಕಾಫಿ ಕುಡ್ಕೊಂಡು ಹೋಗಿ.”

ನನಗೆ ಹಗುರಾಯಿತು. ವಾಪಸು ಬರುವ ಬಸ್ಸು ಶ್ರೀನಿವಾಸಪುರ ದಾಟಿತು.

“ತಿರುಗಿಸಿ ನೋಡ್ದೇನೇ ಹೇಳಿಬಿಟ್ರು ಕಣೋ ಏಜಾಜು,” ಎಂದ ಪೆದ್ದಪ್ಪ. “ನಾನೂ ಹಂಗೇ, ನೋಡ್ದೇನೇ ಉಜ್ಜಿದ್ದು.”

ಎರಡು ತಿಂಗಳಿಗೆ ಎದೆನೋವು ಬಂದು ಹೋದ. ಅಂದು ನಾನು ನಗದೇ ಇದ್ದಿದ್ದರೆ ಎಂಬುದೊಂದೇ ಈಗ ನನ್ನ ತಲೆಯಲ್ಲಿ. ನಾಳೆ ಬೆಳಗಿನ ಬಸ್ಸಿಗೆ ಮತ್ತೆ ಗೌನಿಪಲ್ಲಿಗೆ ಹೊರಟಿದ್ದೇನೆ, ಕಲ್ಲನ್ನೂ ಒಯ್ಯುತ್ತೇನೆ. ವರಾಹವನ್ನು ಒಮ್ಮೆ ತಿರುಗಿಸಿ ನೋಡಿ ಹೇಳಿ ಎಂದು ವೆಂಕಟರತ್ನಮ್ಮನವರನ್ನು ಕೇಳಬೇಕು. ಅವರು ಹೇಳಿದ್ದನ್ನು ಬಂದು ಯಾರಿಗೆ ಹೇಳಲಿ?